ಕಿವಿಗೆ ಒಂದು ತಿಂಗಳ ಬಿಡುವು

ಸೋಲಾಪುರದಿಂದ ಅಕ್ಕಲಕೋಟೆಗೆ ಎಸ್.ಟಿ. ಬಸ್ಸಿನಲ್ಲಿ ಒಂದು ತಾಸಿನ ದಾರಿ. ಅಲ್ಲಿಂದ ಶಾಲೆಯಿರುವ ಹಳ್ಳಿಗೆ ಮತ್ತೆ ಅರ್ಧ ತಾಸು. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯ ಶಿಕ್ಷಕರೊಬ್ಬರು ಹದಿನಾಲ್ಕು ವರ್ಷಗಳಿಂದ ಈ ದಾರಿಯಲ್ಲಿ ಹೋಗಿ ಬರುತ್ತಿದ್ದಾರೆ. ಆಷಾಢದ ಒಂದು ಮುಂಜಾನೆ ಬಸ್ಸು ಅಕ್ಕಲಕೋಟೆಯ ನಿಲ್ದಾಣವನ್ನು ಹೊಕ್ಕು ನಿಂತಾಗ ಅವರಿಗೆ ಒಂದು ಸಂಗತಿ ಹೊಳೆಯಿತು. ಹೆಡ್‌ಫೋನಿನಲ್ಲಿ ಮಲ್ಲಿಕಾರ್ಜುನ ಮನ್ಸೂರರ ತೋಡಿ ಮುಗಿದುಹೋಗಿತ್ತು. ಅದು ಯಾವಾಗ ಮುಗಿಯಿತು, ವಿಲಂಬಿತದಿಂದ ದ್ರುತಕ್ಕೆ ಎಲ್ಲಿ ತಿರುಗಿತು, ಒಂದೂ ನೆನಪಿರಲಿಲ್ಲ. ಒಂದು ಕಾಲಕ್ಕೆ ಇದೇ ಧ್ವನಿಮುದ್ರಿಕೆಯ ಮೊದಲ ಷಡ್ಜಕ್ಕೇ ಅವರ ತೋಳಿನ ರೋಮಗಳು ನೆಟ್ಟಗೆ ನಿಲ್ಲುತ್ತಿದ್ದವು. ಅಂದು ಮನ್ಸೂರರು ಹಾಡಿದ್ದರು. ಕೇಳಿದವರು ಯಾರೂ ಇರಲಿಲ್ಲ.

ಹೆಡ್‌ಫೋನ್ ಅವರ ಮನೆಗೆ ಬಂದದ್ದು ನಾಲ್ಕು ವರ್ಷಗಳ ಹಿಂದೆ, ವೇತನದ ಬಾಕಿ ಕೈಸೇರಿದಾಗ. ಸೋಲಾಪುರದ ಪೂರ್ವಭಾಗದ ಓಣಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆಯ ಮನೆ ಅವರದು. ಗೋಡೆಯಾಚೆ ಯಂತ್ರಮಗ್ಗಗಳ ಶೆಡ್ಡು. ಚಾದರ, ಟವೆಲ್ಲುಗಳ ಆ ಊರಿನಲ್ಲಿ ಮಗ್ಗದ ಖಟಪಟ ಹಗಲು ರಾತ್ರಿಯೆನ್ನದೆ ನಡೆದೇ ಇರುತ್ತದೆ. ಮನೆಯಲ್ಲಿ ಹತ್ತನೆಯ ತರಗತಿಯ ಮಗಳ ಓದು, ಟಿ.ವಿ.ಯ ಮುಂದೆ ವಯಸ್ಸಾದ ತಂದೆ. ಇವುಗಳ ನಡುವೆ ಸಂಗೀತ ಕೇಳಬೇಕೆಂದರೆ ಕಿವಿಗಳನ್ನು ಮುಚ್ಚಿಕೊಂಡೇ ಕೇಳಬೇಕು. ಇದು ಶೋಕಿಯ ಮಾತಲ್ಲ, ಜಾಗದ ಮಾತು. ಹೆಡ್‌ಫೋನ್ ಹಾಕಿಕೊಳ್ಳುವವರನ್ನೆಲ್ಲ ಜರೆಯುವ ಹಿರಿಯರು ಇಂಥ ಮನೆಯಲ್ಲಿ ಒಂದು ವಾರ ಇದ್ದು ನೋಡಬೇಕು.

ಆ ಮೊದಲ ತಿಂಗಳುಗಳ ಸಂತೋಷ ಸಣ್ಣದಾಗಿರಲಿಲ್ಲ. ತಾರುಣ್ಯದಲ್ಲಿ ಅವರು ಸೋಲಾಪುರದಲ್ಲಿಯೇ ಒಬ್ಬ ಗುರುಗಳ ಬಳಿ ಆರು ವರ್ಷ ಗಾಯನ ಕಲಿತಿದ್ದರು. ಮುಂದೆ ಡಿ.ಎಡ್., ನೌಕರಿ, ಸಂಸಾರ. ಹಾಡು ಹಿಂದೆ ಸರಿಯಿತು, ತಂಬೂರಿ ಹಳೆಯ ಸೀರೆಯಲ್ಲಿ ಸುತ್ತಿ ಕಪಾಟಿನ ಮೇಲೇರಿತು. ಹೆಡ್‌ಫೋನ್ ಆ ಲೋಕವನ್ನು ಮರಳಿ ತಂದಿತು. ಕ್ಯಾಸೆಟ್ಟಿನ ಕಾಲದಲ್ಲಿ ಒಂದೇ ಗುಂಯ್‌ಗುಡುವಿಕೆಯಾಗಿದ್ದ ತಂಬೂರಿಯ ನಾಲ್ಕು ತಂತಿಗಳು ಈಗ ಬೇರೆಬೇರೆಯಾಗಿ ಕೇಳಿದವು. ತಬಲಾದ ಎಡದ ಮೇಲೆ ಅಂಗೈ ಉಜ್ಜುವ ಸದ್ದು, ತಾನು ಎತ್ತುವ ಮೊದಲು ಮನ್ಸೂರರು ಎಳೆದುಕೊಳ್ಳುವ ಉಸಿರು, ಅವರ ಬೆನ್ನಿಗೆ ಮಗ ರಾಜಶೇಖರ ಮನ್ಸೂರರ ದನಿ, ಸಭೆಯಲ್ಲಿ ಯಾರೋ ಕೆಮ್ಮಿದ್ದು, ಎಲ್ಲವೂ. ಗಂಗೂಬಾಯಿ ಹಾನಗಲ್ಲರ ದನಿಯ ಕೆಳಸ್ತರದಲ್ಲಿರುವ ಆ ಒರಟನ್ನು ಅವರು ಮೊದಲ ಸಲ ಸರಿಯಾಗಿ ಕೇಳಿದ್ದು ಆಗಲೇ. ಒಂದು ರಾತ್ರಿ ಅದನ್ನು ಕೇಳುತ್ತ ಅತ್ತದ್ದನ್ನು ಅವರು ಹೆಂಡತಿಗೂ ಹೇಳಿರಲಿಲ್ಲ.

ಕೆಡುಕು ನಿಧಾನವಾಗಿ ಬಂತು, ಅದಕ್ಕೇ ಗೊತ್ತಾಗಲಿಲ್ಲ. ಬಸ್ಸಿನ ಎಂಜಿನ್ನಿನ ಮೊರೆತವನ್ನು ಮೀರಬೇಕೆಂದು ಧ್ವನಿಯನ್ನು ಒಂದು ಮೆಟ್ಟಿಲು ಏರಿಸಿದರು. ಮರುವಾರ ಅದೇ ರೂಢಿಯಾಯಿತು, ಇನ್ನೊಂದು ಮೆಟ್ಟಿಲು. ಹೆಚ್ಚಾಯಿತೆಂದು ಮೊಬೈಲು ತೆರೆಯ ಮೇಲೆ ಎಚ್ಚರಿಕೆ ತೋರಿಸಿದರೆ ಬೆರಳು ತಾನಾಗಿಯೇ ಅದನ್ನು ಬದಿಗೆ ಸರಿಸುತ್ತಿತ್ತು. ಬಸ್ಸಿನಲ್ಲಿ ಆರಂಭವಾದದ್ದು ಮಧ್ಯಾಹ್ನದ ಬಿಡುವಿಗೆ ಬಂತು, ಉತ್ತರಪತ್ರಿಕೆ ತಿದ್ದುವಾಗ ಬಂತು, ಕಾಯಿಪಲ್ಯ ತರುವಾಗ ಬಂತು, ಕೊನೆಗೆ ನಿದ್ರೆ ಹತ್ತುವವರೆಗೂ ಬಂತು. ದಿನಕ್ಕೆ ಐದಾರು ತಾಸು. ತೋಡಿ ಮುಗಿದರೆ ಮೊಬೈಲು ತಾನೇ ಮುಂದಿನದನ್ನು ಹಚ್ಚುತ್ತಿತ್ತು: ಬೆಳಗಿನ ರಾಗದ ಬೆನ್ನಿಗೆ ರಾತ್ರಿಯ ಬಾಗೇಶ್ರೀ, ಬಿರುಬೇಸಿಗೆಯಲ್ಲಿ ಮಲ್ಹಾರ.

ರುಚಿ ಹೋಯಿತೆಂದು ಅನಿಸಿದಾಗ ಮೊದಲು ಸಂಶಯ ಬಂದದ್ದು ಯಂತ್ರದ ಮೇಲೆ. ಇನ್ನಷ್ಟು ಬೆಲೆಯ ಹೆಡ್‌ಫೋನ್ ಕೊಂಡರೆ ಆ ಮೊದಲ ದಿನಗಳು ಮರಳಿ ಬಂದಾವೆಂದು ಅವರು ಎರಡು ರಾತ್ರಿ ಬೆಲೆಗಳನ್ನು ಹೋಲಿಸುತ್ತ ಕುಳಿತರು. ಊಟ ರುಚಿಸದವನು ತಾಟು ಬದಲಿಸಿದ ಹಾಗೆ. ಇಂಥ ಹುಡುಕಾಟಕ್ಕೆ ಬಿದ್ದವರು ಬಹಳ. ಅವರಲ್ಲಿ ಕೆಲವರ ಮನೆಯಲ್ಲಿ ಸಂಗೀತಕ್ಕಿಂತ ಸಂಗೀತದ ಸಾಮಾನೇ ಹೆಚ್ಚು.

ಸೋಲಾಪುರ ಜಿಲ್ಲೆಯವರಿಗೆ ಈ ಸಂಗತಿಯನ್ನು ತಿಳಿಸಲು ದೂರದ ಉದಾಹರಣೆ ಬೇಕಿಲ್ಲ. ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಮಗ್ಗುಲಿನ ಊರಿಗೆ ನೆಂಟರು ಬಂದರೆ ಕಾಕಂಬಿಯ ವಾಸನೆಗೆ ಬಸ್ಸಿನಿಂದ ಇಳಿಯುತ್ತಲೇ ಮೂಗು ಮುಚ್ಚುತ್ತಾರೆ. ಊರವರು ‘ಯಾವ ವಾಸನೆ?’ ಎಂದು ಕೇಳುತ್ತಾರೆ. ಅವರು ಸುಳ್ಳು ಹೇಳುವುದಿಲ್ಲ. ಅವರ ಮೂಗಿಗೆ ಆ ವಾಸನೆ ನಿಜವಾಗಿಯೂ ಇಲ್ಲ. ಬದಲಾಗದೆ ಇರುವುದನ್ನು ಇಂದ್ರಿಯಗಳು ಲೆಕ್ಕದಿಂದ ಬಿಟ್ಟುಬಿಡುತ್ತವೆ. ಅದೇ ಊರವರು ಪಂಢರಪುರಕ್ಕೆ ಹೋಗಿ ನಾಲ್ಕು ದಿನ ಇದ್ದು ಮರಳಿದರೆ ಅಗಸಿಯಲ್ಲಿಯೇ ಮೂಗು ಎಚ್ಚರಗೊಳ್ಳುತ್ತದೆ.

ಹಿಂದಿನ ಕಾಲದ ಕೇಳುಗರು ಹೆಚ್ಚು ರಸಿಕರಾಗಿದ್ದರು ಎಂಬ ಮಾತು ಅರ್ಧ ಸತ್ಯ. ಅವರಿಗೆ ಬಿಡುವು ಬೇಡದೆಯೇ ಸಿಗುತ್ತಿತ್ತು, ಅಷ್ಟೆ. ನಿಮಿಷಕ್ಕೆ 78 ಸುತ್ತಿನ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು, ಮೂರೂವರೆ ನಿಮಿಷದ ಹಾಡು. ಮುಗಿದರೆ ಎದ್ದು ತಟ್ಟೆ ತಿರುವಬೇಕು, ಮುಳ್ಳು ಬದಲಿಸಬೇಕು, ಕೀಲಿ ಕೊಡಬೇಕು. ಬೆಳಗಿನ ರಾಗವನ್ನು ಬೆಳಿಗ್ಗೆಯೇ ಹಾಡಬೇಕು, ಮಲ್ಹಾರಕ್ಕೆ ಮಳೆ ಬರಬೇಕು ಎಂಬ ಹಿಂದೂಸ್ತಾನಿ ಪದ್ಧತಿಯೂ ಒಂದು ಬಗೆಯ ಉಪವಾಸವೇ: ವರ್ಷದ ಎಂಟು ತಿಂಗಳು ಮಲ್ಹಾರವಿಲ್ಲದೆ ಇದ್ದ ಕಿವಿಗೆ ಮೊದಲ ಮೋಡದೊಡನೆ ಮಲ್ಹಾರ ಬಂದರೆ ಹೇಗಿದ್ದೀತು! ಆಮೇಲೆ ರೇಡಿಯೋ ಬಂತು. ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ 1952ರಲ್ಲಿ ಆರಂಭವಾದಂದಿನಿಂದ ಶನಿವಾರದ ರಾತ್ರಿಗಾಗಿ ಕಾಯುವ ಮನೆಗಳು ಗಡಿಯ ಈಚೆಗೂ ಇದ್ದವು.

ಶಿಕ್ಷಕರ ಮನೆ ಅಂಥದೊಂದು. ಅವರ ತಂದೆ ಯಂತ್ರಮಗ್ಗದ ಕಾರ್ಮಿಕ. ವಾರವೆಲ್ಲ ಶೆಡ್ಡಿನಲ್ಲಿ ದುಡಿದು ಶನಿವಾರ ಸಂಜೆ ಕೈಕಾಲು ತೊಳೆದು, ಧಾರವಾಡದ ಕೇಂದ್ರ ಕೇಳಿಸುವವರೆಗೆ ರೇಡಿಯೋದ ಗುಂಡಿಯನ್ನು ಕೂದಲೆಳೆಯಷ್ಟು ಅತ್ತ ಇತ್ತ ತಿರುಗಿಸುತ್ತಿದ್ದರು. ತಂದೆಗೆ ರಾಗಗಳ ಹೆಸರು ಗೊತ್ತಿರಲಿಲ್ಲ. ಆದರೆ ಓಣಿಯ ಮಠದ ಭಜನೆಯಲ್ಲಿ ಅವರದೇ ತಾಳ. ಕಡಕೋಳ ಮಡಿವಾಳಪ್ಪನ ತತ್ತ್ವಪದ ಎತ್ತಿಕೊಂಡರೆ ಅವರ ತಾಳದ ಪೆಟ್ಟಿಗೆ ಮೇಳವೆಲ್ಲ ಬಾಗುತ್ತಿತ್ತು. ಎಂಟು ವರ್ಷಗಳ ಹಿಂದೆ ಅವರು ಭಜನೆಗೆ ಹೋಗುವುದನ್ನು ಬಿಟ್ಟರು. ಮೊಣಕಾಲು ನೋವು ಎಂದರು. ಮನೆಯವರು ನಂಬಿದರು.

ಆ ತೋಡಿಯ ದಿನ ಕಳೆದು ಒಂದು ವಾರವಾಗಿರಬೇಕು. ಭಾನುವಾರ, ಹೆಂಡತಿ ತವರಿಗೆ ಹೋಗಿದ್ದರು, ಮಗಳು ಟ್ಯೂಷನ್ನಿಗೆ. ಶಿಕ್ಷಕರು ಹೊರಗಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಹಾಜರಿಪಟ್ಟಿಯ ಬೇರೀಜು ಮಾಡುತ್ತಿದ್ದರು. ಮಗಳು ಬಂದು ಭುಜ ಹಿಡಿದು ಅಲುಗಾಡಿಸಿದಾಗಲೇ ಅವರು ತಲೆಯೆತ್ತಿದ್ದು.

“ಅಪ್ಪಾ, ಮುತ್ಯಾ ಬಚ್ಚಲದಾಗ ಬಿದ್ದಾನ! ಅವನ ದನಿ ಓಣಿತನಾ ಕೇಳಾಕತ್ತೈತಿ. ನಿಮಗ ಕೇಳಿಲ್ಲೇನ್ರಿ?”

ಮುದುಕರು ಬಿದ್ದು ಕಾಲು ತಾಸಿನ ಮೇಲಾಗಿತ್ತು. ಮೂಳೆ ಮುರಿದಿರಲಿಲ್ಲ, ಮುಂಗೈ ಉಳುಕಿತ್ತು, ಸೊಂಟಕ್ಕೆ ಪೆಟ್ಟಾಗಿತ್ತು, ಒದ್ದೆಯ ಕಲ್ಲಿನ ಮೇಲೆ ಕುಳಿತು ನಡುಗುತ್ತಿದ್ದರು. ಎತ್ತಿ ತಂದು ಮಂಚದ ಮೇಲೆ ಕೂರಿಸಿ, ಟವೆಲ್ಲು ಹೊದಿಸಿದ ಮೇಲೆ ತಂದೆಯ ಕಣ್ಣು ಮಗನ ಕೊರಳಿಗೆ ಇನ್ನೂ ಜೋತುಬಿದ್ದಿದ್ದ ಹೆಡ್‌ಫೋನಿನ ಮೇಲೆ ನಿಂತಿತು. ಅದರೊಳಗಿಂದ ಹಾಡು ಸಣ್ಣಗೆ ಸೋರುತ್ತಿತ್ತು.

“ನನ್ನ ಕಿವಿ ಮಗ್ಗ ತಿಂದ್ವು,” ಎಂದರು ತಂದೆ. “ನಿನ್ನವು ಏನ್ ತಿಂದ್ವೋ, ತಮ್ಮಾ?”

ಸಿಟ್ಟಿನ ಮಾತಾಗಿರಲಿಲ್ಲ. ಅದಕ್ಕೇ ಅದು ಬಹಳ ದಿನ ಉಳಿಯಿತು. ಆ ಮಾತಿನೊಳಗೆ ಇನ್ನೊಂದು ಸಂಗತಿಯಿತ್ತು: ಕಿವಿ ಹೋಗಿದೆಯೆಂದು ತಂದೆ ತಾವಾಗಿಯೇ ಒಪ್ಪಿಕೊಂಡದ್ದು ಅದೇ ಮೊದಲು.

ಮುಂಗೈ ವಾಸಿಯಾದ ಮೇಲೆ ಶಿಕ್ಷಕರು ತಂದೆಯನ್ನು ಕಿವಿ-ಮೂಗು-ಗಂಟಲಿನ ವೈದ್ಯರ ಬಳಿಗೆ ಕರೆದೊಯ್ದರು. ಗಾಜಿನ ಪುಟ್ಟ ಕೋಣೆಯಲ್ಲಿ ಕೂರಿಸಿ, ಬೇರೆಬೇರೆ ಎತ್ತರದ ಸ್ವರಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಕೇಳಿಸುತ್ತ, ಕೇಳಿದಾಗ ಗುಂಡಿ ಒತ್ತಲು ಹೇಳುವ ಪರೀಕ್ಷೆ ಅದು. ತಂದೆಯ ನಕ್ಷೆಯ ಗೆರೆ ಕೆಳಸ್ವರಗಳಲ್ಲಿ ಸಾಕಷ್ಟು ಸಪಾಟಾಗಿ ಹೋಗಿ, 3000 ಹರ್ಟ್ಜ್ ದಾಟುತ್ತಲೇ ಬಾವಿಗೆ ಇಳಿದ ಹಾಗೆ ಇಳಿದಿತ್ತು. ಮಗ್ಗದವರ ನಕ್ಷೆಗಳು ಹೀಗೆಯೇ ಇರುತ್ತವೆ ಎಂದರು ವೈದ್ಯರು. ಲಾಳಿ ಬಡಿಯುವ ಮಗ್ಗಗಳ ಶೆಡ್ಡಿನಲ್ಲಿ ಸದ್ದು 90 ಡೆಸಿಬಲ್ಲಿನ ಮೇಲೆಯೇ ಇರುತ್ತದೆ. ತಂದೆ ಅದರೊಳಗೆ ಮೂವತ್ತೊಂದು ವರ್ಷ ನಿಂತಿದ್ದರು. ಕಿವಿಗೆ ಅರಳೆಯನ್ನೂ ಇಟ್ಟುಕೊಂಡವರಲ್ಲ.

ಒಳಗಿವಿಯಲ್ಲಿ ಶಂಖದಂತೆ ಸುತ್ತಿಕೊಂಡಿರುವ ಒಂದು ಅಂಗವಿದೆ. ಅದರೊಳಗೆ ಸುಮಾರು ಹದಿನೈದು ಸಾವಿರ ರೋಮಕೋಶಗಳು ದ್ರವದಲ್ಲಿ ತೂಗಾಡುತ್ತ ಸದ್ದನ್ನು ಮಿದುಳಿಗೆ ಮುಟ್ಟಿಸುತ್ತವೆ. ಅತಿಯಾದ ಸದ್ದಿಗೆ ಅವು ಬಿರುಗಾಳಿಗೆ ಸಿಕ್ಕ ಜೋಳದ ಬೆಳೆಯಂತೆ ಬಾಗುತ್ತವೆ. ಬಿಡುವು ಸಿಕ್ಕರೆ ಬಹುಮಟ್ಟಿಗೆ ಮತ್ತೆ ಎದ್ದು ನಿಲ್ಲುತ್ತವೆ. ಅದಕ್ಕೆ ಒಂದೆರಡು ದಿನವೂ ಹಿಡಿದೀತು. ಬಿಡುವಿಲ್ಲದೆ ಮತ್ತೆ ಮತ್ತೆ ಬಾಗಿದವು ಸಾಯುತ್ತವೆ. ಸತ್ತವು ಮನುಷ್ಯನಲ್ಲಿ ಮರಳಿ ಹುಟ್ಟುವುದಿಲ್ಲ. ಮೊದಲು ಹೋಗುವವು ಎತ್ತರದ ಸ್ವರಗಳನ್ನು ಹಿಡಿಯುವ ಕೋಶಗಳು. ಮಾತಿನಲ್ಲಾದರೆ ಸ, ಶ, ಚ, ತ ಜಾರುತ್ತವೆ, ಸ್ವರಾಕ್ಷರಗಳು ಉಳಿಯುತ್ತವೆ. ಸೊಸೆ “ಸಂತಿಗಿ ಹೊಂಟೀನ್ರಿ” ಎಂದರೆ ಮಾವನವರು “ಅಂಗಡ್ಯಾಗ ಏನೈತಿ?” ಎಂದು ಕೇಳುತ್ತಿದ್ದುದರ ಗುಟ್ಟು ಅಂದು ಮನೆಯವರಿಗೆ ತಿಳಿಯಿತು. ಮುಪ್ಪಿನ ಮರೆವೆಂದು ನಕ್ಕದ್ದಕ್ಕೆ ನಾಚಿಕೆಯೂ ಆಯಿತು. ಭಜನೆಯ ತಾಳದ ಕಿಣಿಕಿಣಿ ಇರುವುದೂ ಆ ಎತ್ತರದಲ್ಲಿಯೇ. ತಮ್ಮ ಕೈಯ ತಾಳ ತಮಗೇ ಕೇಳದಾದಾಗ ತಂದೆ ಮೊಣಕಾಲಿನ ನೆಪ ಹೇಳಿ ಮಠಕ್ಕೆ ಹೋಗುವುದನ್ನು ನಿಲ್ಲಿಸಿದ್ದರು.

ಶಿಕ್ಷಕರೂ ಪರೀಕ್ಷೆಗೆ ಕುಳಿತರು. ಅವರ ಗೆರೆ ಎಲ್ಲ ಕಡೆ ಸರಿಯಾಗಿದ್ದು, 4000 ಹರ್ಟ್ಜ್‌ನಲ್ಲಿ ಸಣ್ಣದೊಂದು ತಗ್ಗಿತ್ತು. ಸದ್ದಿನ ಗಾಯ ಅಲ್ಲಿಂದಲೇ ಶುರುವಾಗುತ್ತದಂತೆ. ವೈದ್ಯರು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕವನ್ನು ಕಾಗದದ ಮೇಲೆ ಬರೆದುಕೊಟ್ಟರು: ದೊಡ್ಡವರಿಗೆ 80 ಡೆಸಿಬಲ್ಲಿನಲ್ಲಿ ವಾರಕ್ಕೆ 40 ತಾಸು, ಮಕ್ಕಳಿಗೆ 75ರಲ್ಲಿ 40 ತಾಸು. ಮೂರು ಡೆಸಿಬಲ್ ಏರಿದ ಹಾಗೆಲ್ಲ ಅವಧಿ ಅರ್ಧಕ್ಕಿಳಿಯುತ್ತದೆ. 83ಕ್ಕೆ 20 ತಾಸು, 86ಕ್ಕೆ 10, 89ಕ್ಕೆ ಬರೀ 5. ನೂರಕ್ಕೆ ಮುಟ್ಟಿದರೆ ವಾರಕ್ಕೆ ಇಪ್ಪತ್ತು ನಿಮಿಷ. ಗಣಿತವನ್ನೇ ಕಲಿಸುವ ಶಿಕ್ಷಕರು ಬಸ್ಸಿನ ಒಂದೇ ದಿನದ ಲೆಕ್ಕ ಹಾಕಿ ಸುಮ್ಮನಾದರು. ಅವರ ತಗ್ಗಿನಲ್ಲಿ ಎಷ್ಟು ದಣಿವು, ಎಷ್ಟು ನಷ್ಟ ಎಂಬುದು ಬಿಡುವು ಕೊಟ್ಟು ನೋಡಿದರೆ ಮಾತ್ರ ತಿಳಿಯುವುದು, ಮೂರು ತಿಂಗಳು ಬಿಟ್ಟು ಬನ್ನಿ ಎಂದರು ವೈದ್ಯರು.

ಮರುದಿನವೇ ಶ್ರಾವಣದ ಪಾಡ್ಯ. ಹೆಡ್‌ಫೋನ್ ಮಗಳ ಕೈಗೆ ಹೋಯಿತು, ಅವಳು ಅದನ್ನು ತನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಮಾಸ ಮುಗಿಯುವವರೆಗೆ ಕಿವಿಗೆ ಯಂತ್ರದ ಸಂಗೀತ ಬೇಡ. ಮಠದ ಭಜನೆ, ಮದುವೆಯ ಬ್ಯಾಂಡು, ಶಾಲೆಯ ಪ್ರಾರ್ಥನೆ, ಗಾಳಿಯಲ್ಲಿ ತಾನಾಗಿ ಬಂದದ್ದಕ್ಕೆ ತಡೆಯಿಲ್ಲ. ಹೆಂಡತಿ ನಕ್ಕರು. “ಶ್ರಾವಣದಾಗ ಮಂದಿ ಉಳ್ಳಾಗಡ್ಡಿ ಬಿಡ್ತಾರ, ಬದನಿಕಾಯಿ ಬಿಡ್ತಾರ. ಹಾಡು ಬಿಟ್ಟಾವ್ರನ್ನ ನಾ ಇದ ಮೊದ್ಲ ನೋಡೂದು.”

ಮೊದಲ ವಾರ ಕಷ್ಟದ್ದು. ಕೈ ಗಳಿಗೆಗೊಮ್ಮೆ ಕೊರಳಿನತ್ತ ಹೋಗುತ್ತಿತ್ತು. ರಾತ್ರಿ ದೀಪವಾರಿಸಿ ಮಲಗಿದರೆ ಕಿವಿಯೊಳಗೆ ತೆಳುವಾಗಿ ಒಂದು ಕುಂಯ್ ಎಂಬ ಸದ್ದು. ಎಷ್ಟು ದಿನಗಳಿಂದ ಅಲ್ಲಿತ್ತೋ, ಹಾಡು ಅದನ್ನು ಮುಚ್ಚಿಟ್ಟಿತ್ತು. ಅವರಿಗೆ ನಿಜವಾದ ಹೆದರಿಕೆ ಹುಟ್ಟಿದ್ದು ಆ ಕತ್ತಲೆಯಲ್ಲಿ, ಗಾಜಿನ ಕೋಣೆಯಲ್ಲಲ್ಲ. ಹತ್ತು ಹನ್ನೆರಡು ದಿನಗಳಲ್ಲಿ ಅದು ತೆಳುವಾಯಿತು. ಪೂರ್ತಿ ಹೋಗಲಿಲ್ಲ.

ಬಸ್ಸಿನಲ್ಲಿ ಮಾತುಗಳು ಕೇಳತೊಡಗಿದವು. ಅಕ್ಕಲಕೋಟೆಯ ಸ್ವಾಮಿ ಸಮರ್ಥರ ದರ್ಶನಕ್ಕೆ ಹೊರಟ ಪರವೂರಿನವರ ಮರಾಠಿ, ಸಂತೆಗೆ ಹೊರಟವರ ಕನ್ನಡ, ಒಂದೇ ವಾಕ್ಯದಲ್ಲಿ ಎರಡನ್ನೂ ನೇಯುವ ಕಂಡಕ್ಟರು. ನಾಲ್ಕು ವರ್ಷ ತಮ್ಮ ಪಕ್ಕದಲ್ಲಿಯೇ ಕೂರುತ್ತಿದ್ದ ಹಾಲಿನ ಡೇರಿಯ ಗುಮಾಸ್ತರ ಹೆಸರನ್ನು ಅವರು ಈಗ ಕೇಳಿ ತಿಳಿದುಕೊಂಡರು. ಎಲ್ಲವೂ ಹಿತವಾಗಿತ್ತೆಂದಲ್ಲ, ಮೊಬೈಲಿನಲ್ಲಿ ಎಲ್ಲರಿಗೂ ಕೇಳುವಂತೆ ರೀಲ್ಸ್ ಹಚ್ಚುವವರ ಪಕ್ಕ ಕುಳಿತ ದಿನ ಹೆಡ್‌ಫೋನ್ ಒಂದು ವರವೆಂದೇ ಅನಿಸಿತು.

ಶಾಲೆಯಲ್ಲಿ ಆದದ್ದು ಬೇರೆ. ಎರಡನೆಯ ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಎಂದಿನಂತೆ ಎಪ್ಪತ್ತು ಮಕ್ಕಳ ಕೂಗಾಟದ ನಡುವೆ ಒಂದು ದನಿ ನೇರವಾಗಿ ಬಂದು ಅವರನ್ನು ತಾಕಿತು. ಉಳಿದವರೆಲ್ಲ ಸ್ವರದ ಸುತ್ತಮುತ್ತ ಓಡಾಡುತ್ತಿದ್ದರೆ, ಆರನೆಯ ತರಗತಿಯ ಒಬ್ಬ ಹುಡುಗ ಪಂಚಮದ ಮೇಲೆ ಮೊಳೆ ಹೊಡೆದಂತೆ ನಿಂತಿದ್ದ. ಕಬ್ಬು ಕಡಿಯುವವರ ಮನೆಯ ಹುಡುಗ. ಹಂಗಾಮಿನಲ್ಲಿ ನಾಲ್ಕು ತಿಂಗಳು ಶಾಲೆಗೇ ಇರುವುದಿಲ್ಲ. ಒಂದನೆಯ ತರಗತಿಯಿಂದ ಅವನು ಇದೇ ಸಾಲಿನಲ್ಲಿ ನಿಂತು ಹಾಡಿದ್ದ. ಗಾಯನ ಕಲಿತ ಶಿಕ್ಷಕರು ಇಷ್ಟು ವರ್ಷ ಇದೇ ಅಂಗಳದಲ್ಲಿ ನಿಂತು, ಬಸ್ಸಿನಲ್ಲಿ ಕೇಳಿದ ತಾನುಗಳನ್ನು ತಲೆಯಲ್ಲಿ ತಿರುವುತ್ತಿದ್ದರು.

ಶ್ರಾವಣದ ನಡುವೆ ಎರಡು ದಿನ ರಜೆ ಬಂತು. ತಂಬೂರಿಯನ್ನು ಕಪಾಟಿನ ಮೇಲಿಂದ ಇಳಿಸಿ, ಧೂಳು ಝಾಡಿಸಿ, ಕುರ್ಡುವಾಡಿ-ಪಂಢರಪುರ ಮಾರ್ಗದ ರೈಲಿನಲ್ಲಿ ಅವರು ಮಿರಜಿಗೆ ಹೊರಟರು. ಸಾಂಗೋಲೆ, ಜತ್ತ ರೋಡ್, ಕವಠೆ ಮಹಾಂಕಾಳ, ಸ್ಟೇಷನ್ನುಗಳು ಒಂದೊಂದಾಗಿ ಹಿಂದೆ ಬಿದ್ದವು, ಪಕ್ಕದ ಆಸನದ ಅಜ್ಜಿ “ಇದೇನ್ ಕೂಸಿನಂಗ ತೊಡಿಮ್ಯಾಲ ಇಟ್ಕೊಂಡ್ರಿ?” ಎಂದು ವಿಚಾರಿಸಿ, ಅದು ಹಾಡಿನ ಸಾಮಾನೆಂದು ತಿಳಿದ ಮೇಲೆ ತಮ್ಮ ಗಂಟನ್ನು ಸರಿಸಿ ಜಾಗ ಮಾಡಿಕೊಟ್ಟರು.

ಮಿರಜ್ ತಂತಿವಾದ್ಯಗಳ ಊರು. ಹತ್ತೊಂಬತ್ತನೆಯ ಶತಮಾನದಲ್ಲಿ ಆಯುಧಗಳಿಗೆ ಸಾಣೆ ಹಿಡಿಯುವ ಮನೆತನದ ಫರೀದಸಾಹೇಬರು ಅಲ್ಲಿ ಸಿತಾರ, ತಂಬೂರಿ ಮಾಡತೊಡಗಿದರು. ಅವರ ವಂಶದವರೂ ಶಿಷ್ಯರೂ ಇಂದಿಗೂ ಅದೇ ಕಸುಬಿನಲ್ಲಿದ್ದಾರೆ. 2024ರಲ್ಲಿ ಮಿರಜಿನ ಸಿತಾರ ಮತ್ತು ತಂಬೂರಿಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ತಂಬೂರಿಯ ದೊಡ್ಡ ಬುರುಡೆಗಳು ಬೆಳೆಯುವುದು ಪಂಢರಪುರದ ಕಡೆಯ ಹೊಲಗಳಲ್ಲಿ, ಎಂದರೆ ಸೋಲಾಪುರ ಜಿಲ್ಲೆಯ ಮಣ್ಣಿನಲ್ಲಿ. ಮನ್ಸೂರರು ಬಾಲ್ಯದಲ್ಲಿ ಕಲಿತದ್ದು ಮಿರಜಿನ ನೀಲಕಂಠಬುವಾ ಅವರ ಬಳಿ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ನೆಲೆಸಿದ್ದು ಮಿರಜಿನಲ್ಲಿ. 1937ರಲ್ಲಿ ದಕ್ಷಿಣದ ಪ್ರವಾಸದಲ್ಲಿ ತೀರಿಕೊಂಡ ಅವರನ್ನು ತಂದು ಮಣ್ಣು ಮಾಡಿದ್ದೂ ಅಲ್ಲಿಯ ಮೀರಾಸಾಹೇಬ ದರ್ಗಾದ ಆವರಣದಲ್ಲಿ. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಗಂಗೂಬಾಯಿ, ಭೀಮಸೇನ ಜೋಶಿ ಆ ಶಿಷ್ಯರ ಶಿಷ್ಯರು. ಕನ್ನಡ ನಾಡಿನ ಗಾಯನದ ಅರ್ಧ ಬೇರು ಗಡಿಯ ಈಚೆಗಿದೆ.

ಓಣಿಯ ಒಂದು ಪುಟ್ಟ ಅಂಗಡಿಯಲ್ಲಿ ಕುಳಿತ ಕುಶಲಿಗರು ತಂಬೂರಿಗೆ ಹೊಸ ತಂತಿ ಕಟ್ಟಿದರು. ಆಮೇಲೆ ಜವಾರಿಯ ಕೆಲಸ. ತಂತಿಗಳು ಮಲಗುವ ಕುದುರೆಯ ಮೇಲ್ಮೈಯನ್ನು ಅರದಿಂದ ತೀಡಿ, ತಂತಿಯ ಕೆಳಗೆ ನೂಲಿನ ಎಳೆ ತೂರಿಸಿ, ಕೂದಲಿನಷ್ಟು ಸರಿಸುತ್ತ ಹೋದರೆ ಒಂದು ಬಿಂದುವಿನಲ್ಲಿ ಮೊಂಡಾದ ನಾದ ತಟ್ಟನೆ ಅರಳುತ್ತದೆ. ಆ ಬಿಂದುವನ್ನು ಕಿವಿಯೇ ಹುಡುಕಬೇಕು. ಕುಶಲಿಗರು ಹತ್ತು ನಿಮಿಷ ತೀಡಿ, ಮೀಟಿ, ಮತ್ತೆ ತೀಡಿ, ಎಲ್ಲ ಕೈಬಿಟ್ಟು ಎದ್ದು ಚಹಾದ ಅಂಗಡಿಗೆ ನಡೆದರು. ಕಾಲು ತಾಸಾದ ಮೇಲೆ ಬಂದು ಒಂದೇ ಸಲ ಮೀಟಿ ತಲೆಯಾಡಿಸಿದರು, ಮತ್ತೆ ತೀಡಿದರು, ಮತ್ತೆ ಎದ್ದು ಹೋದರು. ಹೊತ್ತು ಕಳೆಯುತ್ತಿದ್ದಾರೆಂದು ಶಿಕ್ಷಕರು ತಪ್ಪು ತಿಳಿದರು. ಮೂರನೆಯ ಸಲ ಕೇಳಿಯೇಬಿಟ್ಟಾಗ ಕುಶಲಿಗರು ಮರಾಠಿಯಲ್ಲಿ ಹೇಳಿದ್ದಿಷ್ಟು: ಬಹಳ ಹೊತ್ತು ಕೇಳಿದ ಕಿವಿ ತಪ್ಪನ್ನೂ ಸರಿಯೆನ್ನುತ್ತದೆ, ಹೊರಗೆ ಹೋಗಿ ಬಂದ ಕಿವಿಯೇ ನಿಜ ಹೇಳುವುದು. ಸಂಜೆ ಐದಕ್ಕೆ ಜವಾರಿ ತೆರೆಯಿತು. ಶಿಕ್ಷಕರು ಆ ಶ್ರಾವಣದಲ್ಲಿ ಕೇಳಿದ ಮೊದಲ ಸರಿಯಾದ ಷಡ್ಜ ಅದು.

ಮಾಸ ಮುಗಿದ ಮರುದಿನ ರಾತ್ರಿ ಮಗಳು ಟ್ರಂಕಿನ ಬೀಗ ತೆಗೆದು ಹೆಡ್‌ಫೋನನ್ನು ಎರಡೂ ಕೈಯಲ್ಲಿ ಹಿಡಿದು ತಂದಳು, ಪ್ರಸಾದ ತಂದ ಹಾಗೆ. ಯಾವುದನ್ನು ಕೇಳಬೇಕೆಂದು ಶಿಕ್ಷಕರು ಬಹಳ ದಿನ ಯೋಚಿಸಿದ್ದರು. ಕೊನೆಗೆ ಆರಿಸಿದ್ದು ಅಬ್ದುಲ್ ಕರೀಂ ಖಾನರ ಒಂದು ಭೈರವಿ ಠುಮ್ರಿ, ಮೂರು ನಿಮಿಷ ಚಿಲ್ಲರೆ. ಹಳೆಯ ತಟ್ಟೆಯ ಸರಸರ ಸದ್ದು, ಹಾರ್ಮೋನಿಯಮ್ಮಿನ ಎಳೆ, ಅದರ ನಡುವಿನಿಂದ ಆ ಸಣ್ಣ, ಬಾಗುವ ದನಿ. ಧ್ವನಿಯನ್ನು ಮೊದಲಿನ ಅರ್ಧಕ್ಕೂ ಕಡಿಮೆ ಇಟ್ಟಿದ್ದರು. ಅಷ್ಟರಲ್ಲಿಯೇ ಎಲ್ಲವೂ ಇತ್ತು. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ನಡುವಿನ ದಾರಿಯನ್ನು ಪೂರ್ತಿ ಸವರಿಕೊಂಡು ಹೋಗುವ ಆ ಮೀಂಡ್ ಬಂದಾಗ ಅವರ ತೋಳಿನ ಮೇಲೆ ರೋಮ ಎದ್ದಿತು. ಮುಗಿಯಿತು. ಮೊಬೈಲು ಮುಂದಿನದನ್ನು ಹಚ್ಚುವ ಮೊದಲೇ ಅವರು ಅದನ್ನು ಬಂದ್ ಮಾಡಿದರು. ಎರಡನೆಯ ಸಲ ಕೇಳುವ ಆಸೆಯಿತ್ತು, ಕೇಳಲಿಲ್ಲ.

ಈಗ ವಾರಕ್ಕೆ ಮೂರು ರಾತ್ರಿ, ಒಂದೊಂದು ರಾಗ, ಕುಳಿತಲ್ಲಿ ಬೇರೆ ಕೆಲಸವಿಲ್ಲದೆ. ಬಸ್ಸಿನಲ್ಲಿ ಇಲ್ಲ. ನಡುವೆ ಎರಡು ಸಲ ನಿಯಮ ತಪ್ಪಿದ್ದೂ ಉಂಟು. ಮೂರು ತಿಂಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಅವರ ತಗ್ಗು ಅರ್ಧದಷ್ಟು ತುಂಬಿಕೊಂಡಿತ್ತು. ಉಳಿದರ್ಧ ಅಲ್ಲಿಯೇ ಇರುತ್ತದೆ. ಮಗಳಿಗೆ ಪರೀಕ್ಷೆಯ ಓದಿಗೆ ಪಾಠಗಳ ವಿಡಿಯೋ ಕೇಳಬೇಕು, ಹೆಡ್‌ಫೋನ್ ದಿನಕ್ಕೆ ಒಂದು ತಾಸು ಅವಳದು. 75ರ ಲೆಕ್ಕವನ್ನು ಅವಳೇ ಬರೆದು ಗೋಡೆಗೆ ಅಂಟಿಸಿದ್ದಾಳೆ. ಆರನೆಯ ತರಗತಿಯ ಹುಡುಗ ಶನಿವಾರ ಶಾಲೆ ಬಿಟ್ಟ ಮೇಲೆ ಅರ್ಧ ತಾಸು ನಿಲ್ಲುತ್ತಾನೆ, ಕಬ್ಬಿನ ಹಂಗಾಮು ಆರಂಭವಾಗುವವರೆಗೆ.

ತಂದೆಗೆ ಶ್ರವಣಯಂತ್ರ ತಂದರು. ಮನೆಯ ಮಾತು ಈಗ ಬಹುತೇಕ ತಿಳಿಯುತ್ತದೆ. ಮಠದ ಭಜನೆಗೆ ಒಮ್ಮೆ ಹೋಗಿ ಬಂದರು. ತಾಳ ತಗಡು ಬಡಿದಂತೆ ಕೇಳುತ್ತದೆ ಎಂದು ಮರುವಾರ ಹೋಗಲಿಲ್ಲ. ಒಂದು ರಾತ್ರಿ ಶಿಕ್ಷಕರು ತಂಬೂರಿ ಮೀಟುತ್ತ ಕುಳಿತಿದ್ದಾಗ ತಂದೆ ಮಂಚದಿಂದ ಎದ್ದು ಬಂದು ಎದುರಿಗೆ ಕುಳಿತರು. ಯಂತ್ರವನ್ನು ಕಿವಿಯಿಂದ ತೆಗೆದು ಅಂಗಿಯ ಕಿಸೆಯಲ್ಲಿಟ್ಟರು. ಕೈ ಚಾಚಿ ಅಂಗೈಯನ್ನು ಬುರುಡೆಯ ಮೇಲೆ ಸಪಾಟಾಗಿ ಇರಿಸಿದರು. ನಾಲ್ಕು ತಂತಿಗಳೂ ಸುತ್ತಿ ಬಂದವು. ಮತ್ತೆ ಸುತ್ತಿ ಬಂದವು. ಗೋಡೆಯಾಚೆ ಮಗ್ಗಗಳು ನಡೆದಿದ್ದವು.

“ಮೊದಲ್ನೇ ತಂತಿ ಸಡ್ಲ ಆಗೇತಿ, ತಮ್ಮಾ,” ಎಂದರು ತಂದೆ.

ಶಿಕ್ಷಕರು ಕಿವಿಗೊಟ್ಟು ಕೇಳಿದರು. ಪಂಚಮ ಕೂದಲೆಳೆಯಷ್ಟು ಇಳಿದಿತ್ತು. ಅವರು ಬಿರಡೆಯನ್ನು ತಿರುವಿದರು.